ಕೇಪಿನ ಕೋವಿಯ ಮೂಲಪುರುಷ: ಪಾದ್ರಿ ಫೋರ್ಸೈತ್

ಮುಂಬಯಿ, ಪುಣೆ, ಮದರಾಸು ಮೊದಲಾದ ನಗರಗಳ ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುತ್ತಿರುವ ನಮ್ಮ ಬಾಂಧವರಲ್ಲಿ ಘಟ್ಟದ ಮೇಲಿನ ಮತ್ತು ಕೆಳಗಿನ ಊರುಗಳಿಂದ ಬಂದವರಿಗೆ ಕೇಪಿನ ಕೋವಿ ಎಂದರೇನೆಂದು ವಿವರಿಸಬೇಕಾದ ಅಗತ್ಯವಿಲ್ಲ. ತೋಟೆಯನ್ನು ಹಿಂದಿನಿಂದ ತುಂಬುವ ಕೋವಿ ಅನುಕೂಲಸ್ಥರ ಮನೆಯದು. ನಳಿಗೆಯ ಬಾಯಿಂದ ಮದ್ದು ಸುರಿದು, ಗಜದಿಂದ ಜಡಿದು, ಹಿಂಬದಿಯ ಪುಟ್ಟ ಕೊಳವೆಯ ತುದಿಗೆ ತಾಮ್ರದ ಟೋಪಿಯೊಂದನ್ನು ತೊಡಿಸಿ ಹೊಡೆಯುವ ಕೋವಿ ಸಾಮಾನ್ಯ ರೈತನದು. ಆ ತಾಮ್ರದ ಟೋಪಿಯೇ ಕೇಪು. ಟೋಪಿಗೆ ಇಂಗ್ಲಿಷಿನಲ್ಲಿರುವ ಹೆಸರೇ ನಮ್ಮ ಹಳ್ಳಿಗರ ನಾಲಗೆಯ ಮೇಲೆ ಹೀಗೆ ಪಳಗಿತು. ದೀಪಾವಳಿಯಲ್ಲಿ ಮಕ್ಕಳು ಕಲ್ಲಿನಿಂದ ಕುಟ್ಟಿ ಹಾರಿಸುವ ಕಾಗದದ ಕೇಪಿಗೂ ಅದೇ ಹೆಸರು, ಅದೇ ತತ್ತ್ವ: ಪೆಟ್ಟು ಬಿದ್ದೊಡನೆ ಕಿಡಿ.

ಪೆಟ್ಟಿನಿಂದ ಕಿಡಿಯೆಬ್ಬಿಸಿ ಕೋವಿಯ ಮದ್ದನ್ನು ಹೊತ್ತಿಸಬಹುದೆಂಬುದನ್ನು ಲೋಕಕ್ಕೆ ಮೊದಲು ಕಾಣಿಸಿಕೊಟ್ಟವರು ಯಾವ ಸೇನಾಪತಿಯೂ ಅಲ್ಲ, ಯಾವ ಕಾರ್ಖಾನೆಯ ಒಡೆಯರೂ ಅಲ್ಲ. ಭಾನುವಾರಗಳಲ್ಲಿ ಧರ್ಮೋಪದೇಶ ಮಾಡುತ್ತ, ಉಳಿದ ದಿನಗಳಲ್ಲಿ ಬಿಡುವಾದಾಗ ಹೆಗಲ ಮೇಲೆ ಕೋವಿಯಿಟ್ಟುಕೊಂಡು ಬಾತುಕೋಳಿಗಳನ್ನು ಅರಸುತ್ತಿದ್ದ ಒಬ್ಬ ಹಳ್ಳಿಯ ಪಾದ್ರಿ. ಕೋವಿಗಳ ಇತಿಹಾಸವನ್ನು ಬರೆದವರೆಲ್ಲರೂ ಸ್ಮರಿಸುವ ಅಲೆಕ್ಸಾಂಡರ್ ಜಾನ್ ಫೋರ್ಸೈತ್ ಅವರ ಜೀವನವನ್ನು ಇಂದು ನಮ್ಮ ವಾಚಕರ ಮುಂದಿಡಲು ಬಯಸುತ್ತೇವೆ. ಕಚೇರಿಗೆ ಅರ್ಜಿ ಹಾಕಿ ಉತ್ತರಕ್ಕಾಗಿ ಕಾದವರಿಗೆ ಈ ವೃತ್ತಾಂತ ವಿಶೇಷವಾಗಿ ಹಿಡಿಸೀತೆಂದು ನಮ್ಮ ಭಾವನೆ.

ಸ್ಕಾಟ್‌ಲೆಂಡಿನ ಈಶಾನ್ಯ ಕರಾವಳಿಯಲ್ಲಿ, ಅಬರ್ಡೀನ್ ನಗರದಿಂದ ಉತ್ತರಕ್ಕೆ ಕೆಲವೇ ಮೈಲಿಗಳ ದೂರದಲ್ಲಿ ಬೆಲ್‌ಹೆಲ್ವಿ ಎಂಬ ಗ್ರಾಮವಿದೆ. ಒಂದು ಕಡೆ ಹೊಲಗದ್ದೆ, ಇನ್ನೊಂದು ಕಡೆ ಮರಳ ದಿಣ್ಣೆಗಳನ್ನು ದಾಟಿದರೆ ಉತ್ತರ ಸಮುದ್ರ. ಈ ಗ್ರಾಮದ ಪಾದ್ರಿಯ ಮನೆಯಲ್ಲಿ ೧೭೬೮ನೆಯ ಇಸವಿ ಡಿಸೆಂಬರ್ ೨೮ರಂದು ಅಲೆಕ್ಸಾಂಡರ್ ಜನಿಸಿದರು. ತಂದೆ ಜೇಮ್ಸ್ ಫೋರ್ಸೈತ್ ಅಲ್ಲಿಯ ಪಾದ್ರಿಗಳು. ಹುಡುಗ ಅಬರ್ಡೀನಿನ ಕಿಂಗ್ಸ್ ಕಾಲೇಜಿನಲ್ಲಿ ಓದಿ ಧರ್ಮಬೋಧಕನ ಅರ್ಹತೆಯನ್ನು ಪಡೆದುಕೊಂಡನು. ಅಷ್ಟರಲ್ಲಿ ತಂದೆ ತೀರಿಕೊಂಡರು. ೧೭೯೧ರಲ್ಲಿ, ಇಪ್ಪತ್ತೆರಡರ ಹರೆಯದಲ್ಲಿ, ಮಗನೇ ತಂದೆಯ ಸ್ಥಾನಕ್ಕೆ ಬಂದನು. ಅಂದಿನಿಂದ ತಾವು ಕಣ್ಮುಚ್ಚುವವರೆಗೆ, ಸರಿಯಾಗಿ ಐವತ್ತೆರಡು ವರ್ಷ, ಅವರು ಅದೇ ಗ್ರಾಮದ ಪಾದ್ರಿಯಾಗಿದ್ದರು. ಮದುವೆಯಾಗಲಿಲ್ಲ. ಬೇರೆ ಊರಿನ ದೊಡ್ಡ ಹುದ್ದೆಯನ್ನು ಹುಡುಕಿಕೊಂಡು ಹೋಗಲಿಲ್ಲ.

ಇಂಥವರ ಚರಿತ್ರೆಯಲ್ಲಿ ಬರೆಯುವುದಕ್ಕೇನಿದೆ ಎಂದು ಕೇಳಬಹುದು. ಇರುವುದೆಲ್ಲ ಅವರ ಹವ್ಯಾಸದಲ್ಲಿದೆ. ಪಾದ್ರಿಗಳಿಗೆ ಮೂರು ಗೀಳುಗಳಿದ್ದವು: ರಸಾಯನಶಾಸ್ತ್ರ, ಕಮ್ಮಾರಿಕೆ, ಹಕ್ಕಿಬೇಟೆ. ಮನೆಯ ಬಳಿ ಒಂದು ಪುಟ್ಟ ಕುಲುಮೆ. ಅಲ್ಲಿ ತಮ್ಮ ಕೈಯಿಂದಲೇ ಕಬ್ಬಿಣ ಕಾಯಿಸಿ, ಅರೆದು, ಉಪಕರಣಗಳನ್ನು ಮಾಡಿಕೊಳ್ಳುತ್ತಿದ್ದರು. ಚಳಿಗಾಲದಲ್ಲಿ ಕಾಡುಬಾತುಗಳೂ ಹೆಬ್ಬಾತುಗಳೂ ಆ ಕರಾವಳಿಗೆ ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಆಗ ಪಾದ್ರಿಗಳ ಕಾಲು ಮನೆಯಲ್ಲಿ ನಿಲ್ಲುತ್ತಿರಲಿಲ್ಲ.

ಆ ಕಾಲದ ಕೋವಿಯಲ್ಲಿ ಒಂದು ಈಡು ಹೊಡೆಯುವುದೆಂದರೆ ಸಣ್ಣ ಕೆಲಸವಲ್ಲ. ಕೋವಿಮದ್ದು ಎಂದರೆ ಪೆಟ್ಲುಪ್ಪು, ಇದ್ದಿಲು, ಗಂಧಕ ಈ ಮೂರರ ಮಿಶ್ರಣ. ನೂರು ಪಾಲಿನಲ್ಲಿ ಹೆಚ್ಚುಕಡಿಮೆ ಎಪ್ಪತ್ತೈದು, ಹದಿನೈದು, ಹತ್ತು ಎಂಬುದು ಅದರ ಪ್ರಮಾಣ. (ಬ್ರಿಟನ್ನಿನ ಮದ್ದಿಗೆ ಬೇಕಾದ ಪೆಟ್ಲುಪ್ಪಿನ ಬಹುಭಾಗ ನಮ್ಮ ಬಿಹಾರದ ಮಣ್ಣಿನಿಂದಲೇ ಹಡಗು ಹತ್ತುತ್ತಿತ್ತೆಂಬುದು ಬೇರೆ ಮಾತು.) ಮದ್ದನ್ನು ಅಳೆದು ನಳಿಗೆಗೆ ಸುರಿಯಬೇಕು. ಮೇಲೆ ನಾರೋ ಕಾಗದವೋ ಒಂದು ಮುದ್ದೆ. ಗಜದಿಂದ ಹದವಾಗಿ ಜಡಿಯಬೇಕು. ಅನಂತರ ಸೀಸದ ಚರೆ. ಅದು ಉರುಳಿ ಹೋಗದಂತೆ ಮೇಲೊಂದು ಮುದ್ದೆ. ಇಷ್ಟಾದ ಮೇಲೆ ಕೋವಿಯ ಪಕ್ಕದ ಪುಟ್ಟ ಬಟ್ಟಲಿಗೆ ಚಿಟಿಕೆ ರಂಜಕದ ಪುಡಿ ಹಾಕಿ ಮುಚ್ಚಳ ಮುಚ್ಚಬೇಕು. ಒಂದು ಈಡು ತಪ್ಪಿತೆಂದರೆ ಮತ್ತೆ ಮೊದಲಿನಿಂದ ಎಲ್ಲವೂ ಆಗಬೇಕು. ಅಷ್ಟರಲ್ಲಿ ಹಕ್ಕಿ ಊರು ಬಿಟ್ಟಿರುತ್ತದೆ.

ಈ ನಿಧಾನವೇ ಆ ಹವ್ಯಾಸದ ರುಚಿಯೆಂದು ಬಲ್ಲವರು ಹೇಳುತ್ತಾರೆ. ಕ್ಷಣಕ್ಕೆ ಹತ್ತು ಗುಂಡು ಉಗುಳುವ ಯಂತ್ರಗಳು ಬಂದ ಮೇಲೂ ಬಾಯಿಂದ ತುಂಬುವ ಕೋವಿಯನ್ನು ಬಿಡಲೊಲ್ಲದ ರಸಿಕರು ಹಲವು ದೇಶಗಳಲ್ಲಿದ್ದಾರೆ. ಅಮೆರಿಕದಲ್ಲಿ ೧೯೩೩ರಲ್ಲಿಯೇ ಇಂಥವರ ರಾಷ್ಟ್ರೀಯ ಸಂಘವೊಂದು ಹುಟ್ಟಿತು. ೧೯೭೧ರಲ್ಲಿ ಅಂತರರಾಷ್ಟ್ರೀಯ ಮಂಡಲಿಯೊಂದು ಏರ್ಪಟ್ಟು, ಇಂಥ ಕೋವಿಗಳಿಗೇ ಮೀಸಲಾದ ವಿಶ್ವಸ್ಪರ್ಧೆಗಳು ನಡೆಯುತ್ತ ಬಂದಿವೆ. ಅವರು ಹೊಡೆಯುವುದು ಹಕ್ಕಿಯನ್ನಲ್ಲ. ಕಾಗದದ ಗುರಿಯನ್ನು, ಇಲ್ಲವೆ ಗಾಳಿಯಲ್ಲಿ ಚಿಮ್ಮಿಸಿದ ಮಣ್ಣಿನ ಬಿಲ್ಲೆಯನ್ನು. ಢಂ ಎಂಬ ಗಟ್ಟಿಯಾದ ಆದರೆ ಕಿವಿಗೆ ಚುಚ್ಚದ ಸದ್ದು, ಕಣ್ಣೆದುರು ಹರಡುವ ಬೆಳ್ಳನೆಯ ಹೊಗೆ, ಗಂಧಕದ ವಾಸನೆ, ಗುರಿ ತಾಗಿತೋ ಇಲ್ಲವೋ ಎಂದು ಹೊಗೆ ಸರಿಯುವವರೆಗೆ ಕಾಯುವ ಕುತೂಹಲ, ಕೊನೆಗೆ ಮಸಿ ಹಿಡಿದ ನಳಿಗೆಯನ್ನು ಬಿಸಿನೀರಿನಿಂದ ತೊಳೆದು ಎಣ್ಣೆ ಹಚ್ಚುವ ಕೆಲಸ: ಇವೆಲ್ಲ ಸೇರಿಯೇ ಆ ವಿನೋದ. ನಮ್ಮ ಕೊಡಗಿನಲ್ಲಿ ಕೈಲ್ ಪೊಳ್ದ್ ಹಬ್ಬದಂದು ಕೋವಿಗೆ ಹೂವಿಟ್ಟು ಪೂಜಿಸಿ, ತೆಂಗಿನಕಾಯಿಗೆ ಗುರಿಯಿಟ್ಟು ಹೊಡೆಯುವ ಪಂದ್ಯವನ್ನು ನೋಡಿದವರಿಗೆ ಈ ಸಂತೋಷದ ಪರಿಚಯವಿದ್ದೇ ಇರುತ್ತದೆ.

ಫೋರ್ಸೈತರ ಕಾಲಕ್ಕೆ ಕೇಪು ಇನ್ನೂ ಹುಟ್ಟಿರಲಿಲ್ಲ. ಚಕಮಕಿ ಕಲ್ಲಿನ ಕೋವಿಯೇ ಎಲ್ಲೆಲ್ಲಿಯೂ. ಕೋವಿಯ ಕುದುರೆಯ ಬಾಯಲ್ಲಿ ಕಚ್ಚಿಸಿದ ಕಲ್ಲು ಉಕ್ಕಿನ ಫಲಕಕ್ಕೆ ಉಜ್ಜಿ, ಕಿಡಿಗಳು ಬಟ್ಟಲಿನ ರಂಜಕಕ್ಕೆ ಬಿದ್ದು, ಅದು ಭಗ್ಗನೆ ಉರಿದು, ಆ ಉರಿ ರಂಧ್ರದ ಮೂಲಕ ಒಳಹೊಕ್ಕು ಮುಖ್ಯ ಮದ್ದನ್ನು ಮುಟ್ಟಬೇಕು. ಇದೆಲ್ಲ ಹೇಳುವಷ್ಟು ಹೊತ್ತು ಹಿಡಿಯುವುದಿಲ್ಲ. ಆದರೂ ಕಿಡಿಗೂ ಗುಂಡಿಗೂ ನಡುವೆ ಗೊತ್ತಾಗುವಷ್ಟು ಅಂತರವಿತ್ತು. ಆ ಅಂತರವೇ ಪಾದ್ರಿಗಳ ಪಾಲಿಗೆ ಶತ್ರುವಾಯಿತು. ನೀರಿನ ಮೇಲಿದ್ದ ಬಾತು ಬಟ್ಟಲಿನ ಬೆಳಕನ್ನು ಕಾಣುತ್ತಲೇ ಮುಳುಗಿಬಿಡುತ್ತಿತ್ತು, ಇಲ್ಲವೆ ಪಕ್ಕಕ್ಕೆ ಹಾರುತ್ತಿತ್ತು. ಚರೆ ಬಂದು ಬೀಳುವುದು ಬರಿಯ ನೀರಿಗೆ. ಸಾಲದುದಕ್ಕೆ ಸಮುದ್ರದ ಮಂಜು ರಂಜಕವನ್ನು ಪಸೆಗೊಳಿಸಿ, ಎಷ್ಟೋ ಸಲ ಈಡೇ ಹಾರುತ್ತಿರಲಿಲ್ಲ. ಬೆಳಕು ಹಕ್ಕಿಗೆ ಕಾಣದಂತೆ ಕುದುರೆಯ ಮೇಲೊಂದು ಮರೆಯನ್ನು ಕಟ್ಟಿ ನೋಡಿದರು. ಮರೆಯಿಂದ ಗುರಿಯಿಡುವುದೇ ಕಷ್ಟವಾಯಿತು.

ಇಲ್ಲಿಗೆ ಬಿಟ್ಟಿದ್ದರೆ ಅವರೂ ಎಲ್ಲ ಬೇಟೆಗಾರರಂತೆ ತಪ್ಪಿದ ಹಕ್ಕಿಗಳ ಕಥೆ ಹೇಳುತ್ತ ಮುದುಕರಾಗುತ್ತಿದ್ದರು. ಆದರೆ ಅವರ ಇನ್ನೊಂದು ಗೀಳು ಇಲ್ಲಿ ನೆರವಿಗೆ ಬಂದಿತು. ಪೆಟ್ಟು ಬಿದ್ದರೆ ಸಿಡಿಯುವ ಕೆಲವು ರಾಸಾಯನಿಕಗಳು ಆ ಕಾಲಕ್ಕೆ ಹೊಸದಾಗಿ ಬೆಳಕಿಗೆ ಬಂದಿದ್ದವು. ಫ್ರಾನ್ಸಿನ ಬೆರ್ತೊಲೆ ಎಂಬ ಪಂಡಿತರು ಪೊಟ್ಯಾಸಿಯಂ ಕ್ಲೋರೇಟನ್ನು ತಯಾರಿಸಿದ್ದರು. ಇಂಗ್ಲೆಂಡಿನ ಎಡ್ವರ್ಡ್ ಹೊವಾರ್ಡ್ ೧೮೦೦ರಲ್ಲಿ ಪಾದರಸದಿಂದ ಭಯಂಕರವಾದ ಸ್ಫೋಟಕವೊಂದನ್ನು ಮಾಡುವ ಕ್ರಮವನ್ನು ಪ್ರಕಟಿಸಿದ್ದರು. ಪ್ರಯೋಗದಲ್ಲಿ ಅವರೇ ಗಾಯಗೊಂಡಿದ್ದರು. ಇವುಗಳನ್ನು ಕೋವಿಮದ್ದಿನ ಬದಲು ನಳಿಗೆಯೊಳಗೆ ತುಂಬಿದರೆ ಕೋವಿಯೇ ಒಡೆದು ಹೋಗುವುದೆಂದು ಪಂಡಿತರು ಕಂಡುಕೊಂಡು ಕೈಚೆಲ್ಲಿದ್ದರು. ಬೆಲ್‌ಹೆಲ್ವಿಯ ಪಾದ್ರಿಗಳು ಯೋಚಿಸಿದ್ದು ಬೇರೆ. ಈಡಿಗೆ ಹಳೆಯ ಮದ್ದೇ ಇರಲಿ. ಅದನ್ನು ಹೊತ್ತಿಸುವ ರಂಜಕವಾಗಿ ಮಾತ್ರ ಈ ಹೊಸ ಪುಡಿಯ ಒಂದು ಚಿಟಿಕೆಯನ್ನು ಬಳಸಿದರೇನು?

ಕೇಳುವುದಕ್ಕೆ ಸುಲಭವೆನ್ನಿಸುವ ಈ ಮಾತು ಕೈಗೂಡುವುದಕ್ಕೆ ವರ್ಷಗಳೇ ಹಿಡಿದವು. ಬಯಲು ಬಟ್ಟಲಿನಲ್ಲಿ ಹೊಸ ಪುಡಿಯನ್ನಿಟ್ಟರೆ ಅದು ಫಕ್ಕನೆ ಸಿಡಿದು ಮುಗಿಯುತ್ತಿತ್ತು. ಒಳಗಿನ ಮದ್ದು ಹಾಗೆಯೇ ಉಳಿಯುತ್ತಿತ್ತು. ಅದನ್ನು ಇಕ್ಕಟ್ಟಾದ ಕಿಂಡಿಯಲ್ಲಿ ಕೂಡಿಹಾಕಿ, ಮೇಲಿನಿಂದ ಸುತ್ತಿಗೆಯಂತೆ ಪೆಟ್ಟು ಕೊಟ್ಟರೆ ಉರಿ ಬೇರೆ ದಾರಿ ಕಾಣದೆ ನಳಿಗೆಯೊಳಗೇ ನುಗ್ಗುವುದೆಂದು ಅವರು ಕಂಡುಕೊಂಡರು. ಉಜ್ಜುವ ಕಲ್ಲು ಹೋಗಿ, ಬಡಿಯುವ ಕುದುರೆ ಬಂದಿತು. ೧೮೦೫ರ ಬೇಟೆಯ ಕಾಲಕ್ಕೆ ಅವರ ಹೊಸ ಕೋವಿ ಸಿದ್ಧವಾಗಿದ್ದಿತು. ಬಟ್ಟಲಿನ ಬೆಳಕಿಲ್ಲ; ಬಟ್ಟಲಿನ ಹೊಗೆಯಿಲ್ಲ; ಕುದುರೆ ಬಿದ್ದದ್ದೂ ಈಡು ಹಾರಿದ್ದೂ ಒಂದೇ ಕ್ಷಣ. ಮಂಜಾದರೂ ಮಳೆಯಾದರೂ ಚಿಂತೆಯಿಲ್ಲ.

ಮರುವರ್ಷ ಪಾದ್ರಿಗಳು ತಮ್ಮ ಕೋವಿಯೊಡನೆ ಲಂಡನ್ನಿಗೆ ಹೋದರು. ನೆಪೋಲಿಯನ್ನನೊಡನೆ ಬ್ರಿಟನ್ ಹೋರಾಡುತ್ತಿದ್ದ ಕಾಲವದು. ಸರಕಾರದ ಆಯುಧ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಲಾರ್ಡ್ ಮೊಯಿರಾ ಅವರಿಗೆ ಈ ಯುಕ್ತಿ ಮೆಚ್ಚುಗೆಯಾಯಿತು. (ಇದೇ ಮೊಯಿರಾ ಮುಂದೆ ೧೮೧೩ರಲ್ಲಿ ಗವರ್ನರ್ ಜನರಲ್ ಆಗಿ ನಮ್ಮ ದೇಶಕ್ಕೆ ಬಂದು, ಲಾರ್ಡ್ ಹೇಸ್ಟಿಂಗ್ಸ್ ಎಂಬ ಹೆಸರಿನಿಂದ ಪೇಶ್ವೆಯರ ರಾಜ್ಯವನ್ನು ಕೊನೆಗಾಣಿಸಿದವರು. ಪುಣೆಯಲ್ಲಿರುವ ನಮ್ಮ ವಾಚಕರಿಗೆ ಈ ಹೆಸರು ಅಪರಿಚಿತವಲ್ಲ.) ಲಂಡನ್ನಿನ ಪ್ರಸಿದ್ಧವಾದ ಟವರ್ ಕೋಟೆಯಲ್ಲಿ ಪಾದ್ರಿಗಳಿಗೆ ಒಂದು ಕಾರ್ಯಾಗಾರವನ್ನು ಬಿಟ್ಟುಕೊಡಲಾಯಿತು. ಸೈನ್ಯದ ಕೋವಿಗೂ ಫಿರಂಗಿಗೂ ಹೊಂದುವಂತೆ ಈ ಯಂತ್ರವನ್ನು ಅಲ್ಲಿ ಅಣಿಗೊಳಿಸಬೇಕು; ಅಷ್ಟು ಕಾಲ ಬೆಲ್‌ಹೆಲ್ವಿಯಲ್ಲಿ ಬದಲಿ ಪಾದ್ರಿಯೊಬ್ಬರು ಪೂಜಾಕಾರ್ಯವನ್ನು ನೋಡಿಕೊಳ್ಳಬೇಕು ಎಂದು ಏರ್ಪಾಟಾಯಿತು.

ಟವರಿನ ದಿನಗಳು ಸುಖದವಾಗಿರಲಿಲ್ಲ. ಕೈತಪ್ಪಿದರೆ ಕಣ್ಣನ್ನೇ ತೆಗೆಯುವ ಪುಡಿ ಅದು. ಅದರ ಹತ್ತಿರ ಹೋಗುವುದಕ್ಕೆ ಕೆಲಸಗಾರರು ಅಂಜುತ್ತಿದ್ದುದರಿಂದ ಮಿಶ್ರಣದ ಕೆಲಸವನ್ನು ಪಾದ್ರಿಗಳು ತಾವೇ ಮಾಡಿಕೊಳ್ಳಬೇಕಾಯಿತು. ಹೊಸ ಯಂತ್ರದ ಸೂಕ್ಷ್ಮವನ್ನು ಹಳೆಯ ಕಮ್ಮಾರರಿಗೆ ತಿಳಿಯಹೇಳುವುದೂ ಕಷ್ಟವೇ. ಹೀಗೆಯೇ ಸುಮಾರು ಒಂದು ವರ್ಷ ಕಳೆಯುವಷ್ಟರಲ್ಲಿ, ೧೮೦೭ರಲ್ಲಿ, ಮಂತ್ರಿಮಂಡಲ ಬದಲಾಯಿತು. ಮೊಯಿರಾ ಹೋಗಿ ಲಾರ್ಡ್ ಚಾಥಮ್ ಬಂದರು. ಹೊಸ ಅಧಿಕಾರಿಗಳಿಗೆ ಪಾದ್ರಿಯ ಈ ಆಟಿಕೆ ಬೇಡವಾಗಿತ್ತು. ಪ್ರಯೋಗಗಳು ಸಾಕು, ತಮ್ಮ ಸಾಮಾನು ಸರಂಜಾಮುಗಳನ್ನು ತೆಗೆದುಕೊಂಡು ಸ್ಥಳ ಬಿಡಬೇಕು ಎಂದು ಅಪ್ಪಣೆಯಾಯಿತು. ಕಸವನ್ನು ಗುಡಿಸಿ ಹೊರಹಾಕುವ ಧಾಟಿಯಲ್ಲಿಯೇ ಆ ಅಪ್ಪಣೆ ಇದ್ದಿತೆಂದು ತಿಳಿದುಬರುತ್ತದೆ. ಮೇಲಧಿಕಾರಿ ಬದಲಾದೊಡನೆ ಹಿಂದಿನವರ ಮೆಚ್ಚುಗೆಗೆ ಪಾತ್ರನಾದವನು ಏನಾಗುವನೆಂಬುದನ್ನು ಗುಮಾಸ್ತೆಗಿರಿ ಮಾಡಿದವರಿಗೆ ನಾವು ಹೇಳಬೇಕಾಗಿಲ್ಲ.

ಈ ಯುಕ್ತಿಯನ್ನು ತನಗೆ ಕೊಟ್ಟರೆ ಇಪ್ಪತ್ತು ಸಾವಿರ ಪೌಂಡು ಕೊಡುವುದಾಗಿ ನೆಪೋಲಿಯನ್ ಹೇಳಿಕಳುಹಿಸಿದನೆಂದೂ, ಪಾದ್ರಿಗಳು ತಮ್ಮ ದೇಶದ ಶತ್ರುವಿನ ಹಣವನ್ನು ಮುಟ್ಟಲೊಪ್ಪಲಿಲ್ಲವೆಂದೂ ಒಂದು ಪ್ರತೀತಿ ಇದೆ. ಅದೊಂದು ಐತಿಹ್ಯವೆಂದೇ ನಾವು ಇಲ್ಲಿ ಬರೆಯುತ್ತಿದ್ದೇವೆ. ಆದರೆ ಸ್ವದೇಶದ ಕಚೇರಿಯಿಂದ ಹೊರದೂಡಿಸಿಕೊಂಡ ಮೇಲೂ ಅವರು ಸಮುದ್ರ ದಾಟಿ ಗಿರಾಕಿಯನ್ನು ಹುಡುಕಲಿಲ್ಲವೆಂಬುದು ಮಾತ್ರ ನಿಜ.

ಸರಕಾರಕ್ಕೆ ಬೇಡವಾದುದನ್ನು ಬೇಟೆಗಾರರಿಗಾದರೂ ಮುಟ್ಟಿಸೋಣವೆಂದು ಅವರು ೧೮೦೭ನೆಯ ಏಪ್ರಿಲ್ ೧೧ರಂದು ತಮ್ಮ ಯುಕ್ತಿಗೆ ಹದಿನಾಲ್ಕು ವರ್ಷಗಳ ಪೇಟೆಂಟು ಹಕ್ಕನ್ನು ಪಡೆದರು. ಹಬೆಯಂತ್ರದಿಂದ ವಿಖ್ಯಾತರಾದ ಜೇಮ್ಸ್ ವಾಟ್ ಅವರು ಪೇಟೆಂಟಿನ ಬರವಣಿಗೆಯಲ್ಲಿ ಸಲಹೆ ಕೊಟ್ಟರು. ಆ ಬರವಣಿಗೆ ಬಹು ಜಾಣತನದ್ದು. ಇಂಥದೇ ಕೀಲು, ಇಂಥದೇ ಪುಡಿ ಎಂದು ಕಟ್ಟಿಹಾಕದೆ, ಪೆಟ್ಟಿನಿಂದ ಸಿಡಿಯುವ ಪುಡಿಯನ್ನು ಬಳಸಿ ಕೋವಿಯನ್ನು ಹೊತ್ತಿಸುವ ತತ್ತ್ವಕ್ಕೇ ಬೇಲಿ ಹಾಕಿದಂತಿತ್ತು. ಮರುವರ್ಷ ಲಂಡನ್ನಿನ ಪಿಕ್ಕಡಿಲಿ ರಸ್ತೆಯ ಹತ್ತನೆಯ ನಂಬರಿನಲ್ಲಿ ಫೋರ್ಸೈತ್ ಕಂಪೆನಿಯ ಅಂಗಡಿ ತೆರೆಯಿತು. ಮುಂದೆ ಇಂಗ್ಲೆಂಡಿನ ಹೆಸರಾಂತ ಕೋವಿಗಾರರಲ್ಲಿ ಒಬ್ಬರಾದ ಜೇಮ್ಸ್ ಪರ್ಡಿ ಆಗ ಅಲ್ಲಿ ಕೆಲಸಗಾರರಾಗಿದ್ದರು.

ಅಲ್ಲಿ ತಯಾರಾದ ಕೋವಿಯ ಪಕ್ಕದಲ್ಲಿ ಅತ್ತರಿನ ಸೀಸೆಯ ಆಕಾರದ ಪುಟ್ಟ ಡಬ್ಬಿಯೊಂದು ಇರುತ್ತಿತ್ತು. ಹಲವು ಈಡುಗಳಿಗಾಗುವಷ್ಟು ಪುಡಿ ಅದರೊಳಗೆ. ಸೀಸೆಯನ್ನು ಒಮ್ಮೆ ಬೋರಲಾಗಿ ತಿರುಗಿಸಿದರೆ ಕಿಂಡಿಗೆ ಒಂದು ಚಿಟಿಕೆ ಪುಡಿ ಬೀಳುತ್ತದೆ. ಮತ್ತೆ ನೆಟ್ಟಗೆ ಮಾಡಿದರೆ ಕುದುರೆ ಬಡಿಯಬೇಕಾದ ಮೊಳೆ ಆ ಚಿಟಿಕೆಯ ಮೇಲೆ ಬಂದು ನಿಲ್ಲುತ್ತದೆ. ಕೈಕೆಲಸದ ದೃಷ್ಟಿಯಿಂದ ಅದೊಂದು ಆಭರಣವೇ ಸರಿ. ಆಭರಣವಾದುದೇ ಅದರ ದೋಷವೂ ಹೌದು. ಅಷ್ಟು ನಯವಾದ ಯಂತ್ರವನ್ನು ಶ್ರೀಮಂತ ಬೇಟೆಗಾರನು ಕೊಂಡಾನು. ಸಿಪಾಯಿಯ ಒರಟು ಕೈಗೆ ಅದು ಒಗ್ಗದು.

ತತ್ತ್ವ ಒಮ್ಮೆ ಬಯಲಾದ ಮೇಲೆ ಅದನ್ನು ಇನ್ನಷ್ಟು ಸುಲಭಗೊಳಿಸುವುದಕ್ಕೆ ಎಲ್ಲರೂ ಹೊರಟರು. ಪುಡಿಯನ್ನು ಗುಳಿಗೆ ಮಾಡಿದವರುಂಟು, ತಾಮ್ರದ ಕೊಳವೆಯಲ್ಲಿ ತುಂಬಿದವರುಂಟು. ಲಂಡನ್ನಿನ ಕೋವಿಗಾರರಲ್ಲಿ ಅಗ್ರಗಣ್ಯರಾದ ಜೋಸೆಫ್ ಮ್ಯಾಂಟನ್ನರ ಮೇಲೂ ಪಾದ್ರಿಗಳ ಕಂಪೆನಿ ವ್ಯಾಜ್ಯ ಹೂಡಬೇಕಾಯಿತು. ವ್ಯಾಜ್ಯಗಳಲ್ಲಿ ಹಕ್ಕು ಉಳಿಯಿತು. ಆದರೆ ೧೮೨೧ರಲ್ಲಿ ಅದರ ಅವಧಿಯೇ ಮುಗಿಯಿತು. ಅಷ್ಟರೊಳಗೆ ತಾಮ್ರದ ಟೋಪಿ ಹುಟ್ಟಿಕೊಂಡಿತ್ತು. ಅದನ್ನು ಮೊದಲು ಮಾಡಿದವರು ತಾವೇ ಎಂದು ಹೇಳಿಕೊಂಡವರು ಹಲವರು. ಇಂಗ್ಲೆಂಡಿನಿಂದ ಅಮೆರಿಕಕ್ಕೆ ಹೋಗಿ ನೆಲಸಿದ ಜೋಷುವಾ ಷಾ ಎಂಬ ಚಿತ್ರಕಾರರ ಹೆಸರು ಅವರಲ್ಲಿ ಮುಖ್ಯವಾದುದು. ಆದುದರಿಂದ ಕೇಪನ್ನೇ ಫೋರ್ಸೈತರು ಮಾಡಿದರೆಂದು ನಾವು ಹೇಳುವಂತಿಲ್ಲ. ಕೇಪಿನೊಳಗಣ ತತ್ತ್ವ ಅವರದು. ಅದಿಲ್ಲದಿದ್ದರೆ ಆ ಟೋಪಿ ಬರಿಯ ತಾಮ್ರದ ಚೂರು.

ಕಚೇರಿಗಳು ಎಷ್ಟು ನಿಧಾನವಾಗಿ ಕಣ್ತೆರೆಯುತ್ತವೆಂಬುದನ್ನು ಮುಂದಿನ ಸಂಗತಿಗಳಿಂದ ಅರಿಯಬಹುದು. ಟವರಿನಿಂದ ಪಾದ್ರಿಗಳನ್ನು ಕಳುಹಿಸಿ ಇಪ್ಪತ್ತೇಳು ವರ್ಷ ಕಳೆದ ಮೇಲೆ, ೧೮೩೪ರಲ್ಲಿ, ವುಲಿಚ್ ಎಂಬಲ್ಲಿ ಸೈನ್ಯದವರು ಎರಡು ಬಗೆಯ ಕೋವಿಗಳನ್ನೂ ಪರೀಕ್ಷಿಸಿದರು. ಆರಾರು ಸಾವಿರ ಈಡುಗಳಲ್ಲಿ ಚಕಮಕಿ ಕೋವಿ ೯೨೨ ಸಲ ಹಾರಲಿಲ್ಲ. ಕೇಪಿನ ಕೋವಿ ಹಾರದಿದ್ದುದು ೩೬ ಸಲ ಮಾತ್ರ. ಆದರೂ ಎಲ್ಲ ದಂಡುಗಳಿಗೂ ಹೊಸ ಕೋವಿ ಮುಟ್ಟುವುದಕ್ಕೆ ಇನ್ನೂ ಹಲವು ವರ್ಷ ಬೇಕಾದವು.

ಆ ವಿಳಂಬದ ಬೆಲೆ ತೆತ್ತವರಲ್ಲಿ ನಮ್ಮ ದಕ್ಷಿಣದ ಸಿಪಾಯಿಗಳೂ ಇದ್ದರು. ೧೮೪೧ರ ಮೇ ತಿಂಗಳಲ್ಲಿ, ಚೀನದೊಡನೆ ನಡೆದ ಅಫೀಮಿನ ಯುದ್ಧದಲ್ಲಿ, ಕ್ಯಾಂಟನ್ ನಗರದ ಬಳಿ ಮದರಾಸಿನ ೩೭ನೆಯ ದೇಶೀ ಪದಾತಿದಳದ ಒಂದು ತುಕಡಿ ಬಿರುಮಳೆಯಲ್ಲಿ ದಾರಿ ತಪ್ಪಿ, ಸಾವಿರಾರು ಚೀನೀ ಗ್ರಾಮಸ್ಥರ ನಡುವೆ ಸಿಕ್ಕಿಕೊಂಡಿತು. ಅವರ ಕೈಯಲ್ಲಿದ್ದುದು ಚಕಮಕಿ ಕೋವಿ. ರಂಜಕವೆಲ್ಲ ತೊಯ್ದು ಕೆಸರಾಗಿ ಒಂದೂ ಹಾರದಾಯಿತು. ಚೌಕವಾಗಿ ನಿಂತು ಬರಿಯ ಸನೀನುಗಳಿಂದಲೇ ಅವರು ಕತ್ತಲಾಗುವವರೆಗೆ ತಡೆದುಕೊಂಡರು. ಕೊನೆಗೆ ಅವರನ್ನು ಹುಡುಕಿ ಬಿಡಿಸಿಕೊಂಡು ಬಂದುದು ಕೇಪಿನ ಕೋವಿಗಳನ್ನು ಹಿಡಿದಿದ್ದ ನೌಕಾದಳದ ಎರಡು ತುಕಡಿಗಳು. ಅದೇ ಮಳೆ, ಅದೇ ಕೆಸರು. ಈ ಕೋವಿಗಳು ಮಾತ್ರ ಹಾರಿದವು.

ಇನ್ನೊಂದು ಸಂಗತಿಯನ್ನೂ ನೆನೆಯಬೇಕು. ೧೮೫೭ರಲ್ಲಿ ಉತ್ತರ ಹಿಂದೂಸ್ಥಾನದ ಸಿಪಾಯಿಗಳು ಹಲ್ಲಿನಿಂದ ಕಚ್ಚಲೊಲ್ಲೆವೆಂದ ತೋಟೆ ಎನ್‌ಫೀಲ್ಡ್ ಕೋವಿಯದು. ಅದೂ ಬಾಯಿಂದ ತುಂಬುವ ಕೇಪಿನ ಕೋವಿಯೇ. ಬಾತುಕೋಳಿಯ ಕಣ್ಣಿಗೆ ಬೆಳಕು ಬೀಳಬಾರದೆಂದು ಹುಟ್ಟಿದ ಯುಕ್ತಿ ಐವತ್ತು ವರ್ಷಗಳಲ್ಲಿ ಎಲ್ಲಿಂದೆಲ್ಲಿಗೆ ಬಂದಿತು! ದಯೆಯನ್ನು ಬೋಧಿಸುವ ಪಾದ್ರಿಯೊಬ್ಬರಿಂದ ಇದು ಹುಟ್ಟಬಹುದಿತ್ತೇ ಎಂದು ಕೆಲವರು ಕೇಳುವುದುಂಟು. ಅವರು ಹುಡುಕಿದ್ದು ಹಕ್ಕಿಗಾಗಿ ಎಂಬುದು ನಿಜ. ಆದರೆ ಅದನ್ನು ಟವರಿನ ಬಾಗಿಲಿಗೆ ಹೊತ್ತುಕೊಂಡು ಹೋದವರೂ ಅವರೇ ಎಂಬುದನ್ನು ಮರೆಮಾಚುವುದು ಚರಿತ್ರಕಾರನಿಗೆ ಸಲ್ಲದು. ಯುದ್ಧಕಾಲದಲ್ಲಿ ದೇಶಕ್ಕೆ ನೆರವಾಗುವುದು ತಮ್ಮ ಧರ್ಮವೆಂದು ಅವರು ಬಗೆದಿರಬೇಕು. ಅಂಥ ಲೆಕ್ಕವನ್ನು ಮಾಡಿದ ಸಜ್ಜನರು ಅವರೊಬ್ಬರೇ ಅಲ್ಲ.

ಅಂಗಡಿ ಲಂಡನ್ನಿನಲ್ಲಿದ್ದರೂ ಪಾದ್ರಿಗಳ ಬಾಳು ಬೆಲ್‌ಹೆಲ್ವಿಯಲ್ಲಿಯೇ ಸಾಗಿತು. ಮದುವೆ, ನಾಮಕರಣ, ಶವಸಂಸ್ಕಾರ, ಭಾನುವಾರದ ಉಪದೇಶ: ತಂದೆ ಬಿಟ್ಟುಹೋದ ಕೆಲಸ. ಅವರು ಮುದುಕರಾಗುವ ಹೊತ್ತಿಗೆ ಬ್ರಿಟಿಷ್ ಸೈನ್ಯವೆಲ್ಲ ಅವರ ತತ್ತ್ವದ ಮೇಲೆ ನಡೆದಿತ್ತು. ಇತರ ದೇಶಗಳ ಸೈನ್ಯಗಳೂ ಚಕಮಕಿ ಕಲ್ಲನ್ನು ಬಿಸುಡತೊಡಗಿದ್ದವು. ಇಷ್ಟಾದರೂ ಸರಕಾರದಿಂದ ಅವರಿಗೆ ಬಹುಮಾನವಿರಲಿಲ್ಲ. ಸ್ನೇಹಿತರ ಒತ್ತಾಯದಿಂದ ಅರ್ಜಿಗಳು ಹೋದವು. ವಿಷಯವು ಪಾರ್ಲಿಮೆಂಟಿನವರೆಗೂ ಮುಟ್ಟಿತು. ೧೮೪೨ರಲ್ಲಿ ಸರಕಾರವು ಅವರಿಗೆ ಇನ್ನೂರು ಪೌಂಡು ಮಂಜೂರು ಮಾಡಿತು. ನೆಪೋಲಿಯನ್ನನ ಐತಿಹ್ಯದಲ್ಲಿ ಬರುವ ಮೊತ್ತದ ನೂರನೆಯ ಒಂದು ಪಾಲು.

ಇನ್ನಷ್ಟು ಸಲ್ಲಬೇಕೆಂದು ಅವರ ಪಕ್ಷದವರು ಹೋರಾಡುತ್ತಲೇ ಇದ್ದರು. ಅಷ್ಟರಲ್ಲಿ ೧೮೪೩ನೆಯ ಜೂನ್ ೧೧, ಭಾನುವಾರ, ಪಾದ್ರಿಗಳು ಹಠಾತ್ತಾಗಿ ತೀರಿಕೊಂಡರು. ಆಗ ಅವರಿಗೆ ಎಪ್ಪತ್ತನಾಲ್ಕು ವರ್ಷ. ಅನಂತರ ಅದೇ ವರ್ಷ ಸರಕಾರವು ಇನ್ನೊಂದು ಸಾವಿರ ಪೌಂಡು ಕೊಡಲು ಒಪ್ಪಿತು. ಪಡೆಯಬೇಕಾದವರು ಇಲ್ಲದುದರಿಂದ ಆ ಹಣವನ್ನು ಅವರ ಬಂಧುಗಳಲ್ಲಿ ಉಳಿದಿದ್ದ ಮೂವರಿಗೆ ಹಂಚಲಾಯಿತು. ಇಪ್ಪತ್ತನೆಯ ಶತಮಾನದಲ್ಲಿ, ಅವರನ್ನು ಸಾಮಾನು ಸಹಿತ ಹೊರಗೆ ಕಳುಹಿಸಿದ್ದ ಆ ಟವರ್ ಕೋಟೆಯಲ್ಲಿಯೇ, ಅವರ ಹೆಸರಿನ ಸ್ಮಾರಕಫಲಕವೊಂದನ್ನು ನಿಲ್ಲಿಸಲಾಯಿತು.